ದಕ್ಷಿಣ ಸುಡಾನ್‌ಗೆ ಹೊರಡುವ ಮುಂಚೆ

ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಮೊದಲ ಸಲ ದಕ್ಷಿಣ ಸುಡಾನ್‌ಗೆ ಹೊರಟಿದ್ದೀನಿ, ಏನೇನು ಒಯ್ಯಲಿ ಅಂತ ಕೇಳಿದ್ದೀರಿ. ಬ್ಯಾಗಿಗಿಂತ ಮೊದಲು ಹಳದಿ ಜ್ವರದ ಲಸಿಕೆ ನೋಡಿ. ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡು ಪಾಸ್‌ಪೋರ್ಟ್ ಜೊತೆಗೇ ಇರಲಿ. ಮಲೇರಿಯಾ ಮಾತ್ರೆ ವಾಪಸ್ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ನುಂಗಿ, ಮಧ್ಯದಲ್ಲಿ ಬಿಡಬೇಡಿ.

ಬಟ್ಟೆ ಸುಮ್ನೆ ತುಂಬಬೇಡಿ. ಕಾಲುಚೀಲ ಮಾತ್ರ ಜಾಸ್ತಿ ಇರಲಿ. ಮಳೆಗಾಲದಲ್ಲಿ ಅಲ್ಲಿನ ಕಪ್ಪು ಮಣ್ಣು ನಮ್ಮ ಎರೆಹೊಲದ ಹಾಗೇ ಬೂಟಿಗೆ ಮೆತ್ತಿಕೊಳ್ಳುತ್ತದೆ, ಹೆಜ್ಜೆ ಹೆಜ್ಜೆಗೂ ಭಾರ. ಒಗೆದದ್ದು ಎರಡು ದಿನವಾದರೂ ಒಣಗೋದಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ನನಗೆ ತಿಂಗಳುಗಟ್ಟಲೆ ಊರಿನ ರುಚಿ ಕೊಟ್ಟಿತ್ತು.

ಬ್ಯಾಂಕಿನ ನಾಮಿನಿ ಹೆಸರು ಸರಿಯಿದೆಯಾ ನೋಡಿಕೊಳ್ಳಿ. ಅಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಐದಕ್ಕೇ ಫೋನ್ ಮಾಡಿ, ಮನೆಯವರು ಮಲಗಿರುವುದಿಲ್ಲ.