ಸಬ್ಲೊಕೇಡ್ 300 ಮಿಲಿಗ್ರಾಂ ಚುಚ್ಚುಮದ್ದಿಗೆ ಕ್ಲೇಮ್‌ನಲ್ಲಿ ಎಷ್ಟು ಯೂನಿಟ್ ನಮೂದಿಸಬೇಕು?

ಪ್ರಶ್ನೆ: ಮೈಸೂರಿನಲ್ಲಿ ಕುಳಿತು ಅಮೆರಿಕದ ವ್ಯಸನ ಚಿಕಿತ್ಸಾ ಕ್ಲಿನಿಕ್ ಒಂದರ ಬಿಲ್ಲಿಂಗ್ (ವಿಮೆಯಿಂದ ಹಣ ಕೇಳುವ ಕ್ಲೇಮ್ ಕಳುಹಿಸುವುದು) ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ವಿವಿಟ್ರಾಲ್ ಎಂಬ ಚುಚ್ಚುಮದ್ದಿಗೆ 380 ಯೂನಿಟ್ ಹಾಕಿದಾಗ ಹಣ ಬಂತು. ಬ್ಯುಪ್ರಿನಾರ್ಫಿನ್ ಔಷಧದ ಚುಚ್ಚುಮದ್ದಾದ ಸಬ್ಲೊಕೇಡ್‌ಗೆ ಕ್ಯೂ9992 ಎಂಬ ಬಿಲ್ಲಿಂಗ್ ಕೋಡಿನ ಜೊತೆ 300 ಯೂನಿಟ್ ಹಾಕಿದರೆ ಖಾಸಗಿ ವಿಮಾ ಕಂಪನಿ ಪಾವತಿ ನಿರಾಕರಿಸಿದೆ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಪ್ರಶ್ನೆಯ ಜೊತೆ ಹಾಕಿರುವ ಸ್ಕ್ರೀನ್‌ಶಾಟ್ ಅಳಿಸಿಬಿಡಿ. ಹೆಸರನ್ನು ಮುಚ್ಚಿದ್ದೀರಿ, ಆದರೆ ರೋಗಿಯ ಜನ್ಮದಿನಾಂಕ ಕಾಣುತ್ತಿದೆ. ಅಮೆರಿಕದಲ್ಲಿ ವ್ಯಸನ ಚಿಕಿತ್ಸೆಯ ದಾಖಲೆಗಳಿಗೆ ಹಿಪಾ ಎಂಬ ರೋಗಿ ಗೋಪ್ಯತೆಯ ಕಾನೂನು ಅಲ್ಲದೆ 42 ಸಿಎಫ್‌ಆರ್ ಭಾಗ 2 ಎಂಬ ಪ್ರತ್ಯೇಕ ನಿಯಮವೂ ಅನ್ವಯಿಸುತ್ತದೆ. ನಾವು ಮೈಸೂರಿನಲ್ಲಿದ್ದೇವೆ, ಬೆಂಗಳೂರಿನಲ್ಲಿದ್ದೇವೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನು ಯೂನಿಟ್ ವಿಚಾರ. ಸಂತೆಯಲ್ಲಿ ಅಕ್ಕಿಗೆ ತೂಕದ ಲೆಕ್ಕ, ತೆಂಗಿನಕಾಯಿಗೆ ಎಣಿಕೆಯ ಲೆಕ್ಕ. ಇಲ್ಲಿಯೂ ಅಷ್ಟೇ. ವಿವಿಟ್ರಾಲ್‌ನ ಜೆ2315 ಕೋಡಿನ ವಿವರಣೆಯಲ್ಲಿ ‘1 ಮಿಲಿಗ್ರಾಂ’ ಎಂದೇ ಇದೆ. ಆದ್ದರಿಂದ 380 ಮಿಲಿಗ್ರಾಂಗೆ 380 ಯೂನಿಟ್. ಸಬ್ಲೊಕೇಡ್‌ನ ಕೋಡ್‌ಗಳು ಹಾಗಲ್ಲ. ಕ್ಯೂ9991 ಎಂದರೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರಮಾಣದ ಚುಚ್ಚುಮದ್ದು, ಕ್ಯೂ9992 ಎಂದರೆ 100 ಮಿಲಿಗ್ರಾಂ ಮೀರಿದ್ದು. ಪ್ರಮಾಣ ಕೋಡಿನೊಳಗೇ ಸೇರಿಹೋಗಿದೆ. ಹಾಗಾಗಿ ನಿಮ್ಮ 300 ಮಿಲಿಗ್ರಾಂ ಸಿರಿಂಜಿಗೆ ಕ್ಯೂ9992, 1 ಯೂನಿಟ್. ನೀವು ಕಳುಹಿಸಿದ ಕ್ಲೇಮ್ ಓದಿದವರಿಗೆ ಒಬ್ಬ ರೋಗಿಗೆ ಒಂದೇ ದಿನ ಮುನ್ನೂರು ಸಿರಿಂಜ್ ಚುಚ್ಚಿದಂತೆ ಕಂಡಿರುತ್ತದೆ! ಒಂದು ಸಿರಿಂಜಿನ ಬೆಲೆಯೇ ಸಾವಿರ ಡಾಲರ್ ದಾಟುವಾಗ ನಿರಾಕರಣೆಯಲ್ಲಿ ಆಶ್ಚರ್ಯವಿಲ್ಲ.

ನಾಳೆ ಬ್ರಿಕ್ಸಾಡಿ ಬಂದರೆ ಮತ್ತೆ ಗೊಂದಲವಾಗಬಾರದು. ಅದೂ ಬ್ಯುಪ್ರಿನಾರ್ಫಿನ್ ಔಷಧವೇ, 2023ರಲ್ಲಿ ಅನುಮತಿ ಪಡೆದದ್ದು. ಅದಕ್ಕೆ ಮಿಲಿಗ್ರಾಂ ಲೆಕ್ಕವೇ ಇಲ್ಲ, ದಿನಗಳ ಲೆಕ್ಕ: ವಾರದ ಚುಚ್ಚುಮದ್ದಿಗೆ ಜೆ0577, ತಿಂಗಳ ಚುಚ್ಚುಮದ್ದಿಗೆ ಜೆ0578.

ಎನ್‌ಡಿಸಿ (ಪ್ರತಿ ಔಷಧಕ್ಕಿರುವ ಗುರುತಿನ ಸಂಖ್ಯೆ) ಸಾಲಿನಲ್ಲಿ ಬರೆಯುವ ಪ್ರಮಾಣ ಬೇರೆಯದು ಎಂಬುದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅಲ್ಲಿ ಸಿರಿಂಜಿನೊಳಗಿನ ದ್ರವದ ಅಳತೆ ಬೇಕು. 300 ಮಿಲಿಗ್ರಾಂ ಸಿರಿಂಜಿನಲ್ಲಿ 1.5 ಮಿಲಿಲೀಟರ್ ಇರುತ್ತದೆ, 100 ಮಿಲಿಗ್ರಾಂ ಸಿರಿಂಜಿನಲ್ಲಿ 0.5. ಒಂದೇ ಔಷಧಕ್ಕೆ ಒಂದು ಕಡೆ 1, ಇನ್ನೊಂದು ಕಡೆ 1.5 ಎಂದು ಕಂಡು ‘ಸರಿಪಡಿಸಲು’ ಹೋಗಬೇಡಿ, ಎರಡೂ ಸರಿ. ಮೆಡಿಕೇರ್ (ಅಮೆರಿಕದ ಸರ್ಕಾರಿ ವಿಮೆ) ಕ್ಲೇಮ್ ಆಗಿದ್ದರೆ ಜೆಝಡ್ ಮಾಡಿಫೈಯರ್, ಅಂದರೆ ಕೋಡಿನ ಕೊನೆಗೆ ಸೇರಿಸುವ ಗುರುತು, ಕೂಡ ಬೇಕು. ಒಂದೇ ಬಾರಿ ಬಳಸುವ ಸಿರಿಂಜಿನಿಂದ ಏನೂ ವ್ಯರ್ಥವಾಗಿಲ್ಲ ಎಂದು ತಿಳಿಸುವ ಈ ಗುರುತು 2023ರ ಜುಲೈನಿಂದ ಕಡ್ಡಾಯ.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಚುಚ್ಚಿದ ಕೆಲಸಕ್ಕೆ 96372 ಕೋಡ್ ಹಾಕಿದ್ದೀರಿ, ಅದು ಸರಿ. ಸಬ್ಲೊಕೇಡ್ ಚರ್ಮದಡಿಗೆ, ವಿವಿಟ್ರಾಲ್ ಸ್ನಾಯುವಿಗೆ. ಎರಡಕ್ಕೂ ಅದೇ ಕೋಡ್. ಅದೇ ದಿನ ವೈದ್ಯರು ಪ್ರತ್ಯೇಕವಾಗಿ ತಪಾಸಣೆ ನಡೆಸಿ ದಾಖಲಿಸಿದ್ದರೆ ಮಾತ್ರ ಭೇಟಿಯ ಕೋಡಿಗೆ 25 ಮಾಡಿಫೈಯರ್ ಸೇರಿಸಿ. ರೋಗನಿರ್ಣಯದ ಕೋಡನ್ನು ವೈದ್ಯರ ಟಿಪ್ಪಣಿಯಿಂದಲೇ ತೆಗೆದುಕೊಳ್ಳಬೇಕು. ರೋಗಿ ಈಗ ಚೆನ್ನಾಗಿದ್ದಾರೆ ಎಂದು ನಾವೇ ಊಹಿಸಿ ಎಫ್11.20 (ಒಪಿಯಾಯ್ಡ್, ಅಂದರೆ ಅಫೀಮು ವರ್ಗದ ಔಷಧಗಳ ಅವಲಂಬನೆ) ಅನ್ನು ಎಫ್11.21 (ಅದೇ, ಶಮನದ ಹಂತದಲ್ಲಿ) ಮಾಡುವ ಅಧಿಕಾರ ನಮಗಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ: ಈ ಸಿರಿಂಜ್ ಕೊಂಡವರು ಯಾರು? ಕ್ಲಿನಿಕ್ ತನ್ನ ಹಣದಿಂದ ತರಿಸಿದ್ದರೆ ಮೇಲಿನದೆಲ್ಲ ಅನ್ವಯಿಸುತ್ತದೆ. ಸ್ಪೆಷಾಲಿಟಿ ಫಾರ್ಮಸಿ (ವಿಶೇಷ ಔಷಧಗಳ ಅಂಗಡಿ) ರೋಗಿಯ ಹೆಸರಿಗೆ ಕಳುಹಿಸಿದ್ದರೆ ಔಷಧದ ಬಿಲ್ ಅವರೇ ಮಾಡಿರುತ್ತಾರೆ. ನೀವು ಕ್ಯೂ9992ಕ್ಕೆ ಹಣ ಕೇಳಿದರೆ ಒಂದೇ ಸಿರಿಂಜಿಗೆ ಎರಡು ಸಲ ಕೇಳಿದಂತೆ. ಯೂನಿಟ್ ತಪ್ಪಾದರೆ ಕ್ಲೇಮ್ ತಿರುಗಿ ಬರುತ್ತದೆ, ಅಷ್ಟೇ. ಎರಡು ಸಲ ಕೇಳುವ ಈ ತಪ್ಪಿಗಾದರೆ ಹಣ ಬಂದುಬಿಡಬಹುದು, ಆಮೇಲೆ ಲೆಕ್ಕಪರಿಶೋಧನೆಯಲ್ಲಿ ಹೊರಬೀಳುತ್ತದೆ. ಕ್ಲಿನಿಕ್ ಮೆಡಿಕೇರ್‌ನಲ್ಲಿ ನೋಂದಾಯಿತ ಒಪಿಯಾಯ್ಡ್ ಚಿಕಿತ್ಸಾ ಕೇಂದ್ರವಾಗಿ ಬಿಲ್ ಮಾಡುತ್ತಿದ್ದರಂತೂ ದಾರಿಯೇ ಬೇರೆ: ಔಷಧ, ಚುಚ್ಚುವಿಕೆ, ಆಪ್ತಸಮಾಲೋಚನೆ ಎಲ್ಲ ಸೇರಿ ಜಿ2069 ಎಂಬ ಒಟ್ಟು ಕೋಡ್.

ಕ್ಲಿನಿಕ್ಕೇ ಕೊಂಡದ್ದೆಂದು ಖಚಿತವಾದರೆ ಹೊಸ ಕ್ಲೇಮ್ ಕಳುಹಿಸಬೇಡಿ, ಅದು ನಕಲು ಎಂದು ಮತ್ತೆ ತಿರುಗಿ ಬರುತ್ತದೆ. ಖಾಸಗಿ ವಿಮೆಯಾದ್ದರಿಂದ ಹಳೆಯ ಕ್ಲೇಮ್ ಸಂಖ್ಯೆ ನಮೂದಿಸಿ, ಫ್ರೀಕ್ವೆನ್ಸಿ ಕೋಡ್ 7 ಹಾಕಿ ತಿದ್ದಿದ ಕ್ಲೇಮ್ ಆಗಿ ಕಳುಹಿಸಿ. ಅವರ ಗಡುವು ಎಷ್ಟು ದಿನ ಎಂದು ಇವತ್ತೇ ನೋಡಿಕೊಳ್ಳಿ.