ವಯಸ್ಸಾದ ಲ್ಯಾಬ್ರಡಾರ್‌ನ ಗೊರಗೊರ ಉಸಿರು

ನಿಮ್ಮ 12 ವರ್ಷದ ಲ್ಯಾಬ್ರಡಾರ್ ಉಸಿರೆಳೆಯುವಾಗ ಗೊರಗುಡುತ್ತದೆ, ಬೊಗಳುವ ದನಿಯೂ ಒಡೆದಿದೆ ಎಂದು ತೀರ್ಥಹಳ್ಳಿಯಿಂದ ಬರೆದಿದ್ದೀರಿ. ಈ ತಳಿಯಲ್ಲಿ ವಯಸ್ಸಾದಂತೆ ಧ್ವನಿಪೆಟ್ಟಿಗೆಯ ನರಗಳು ದುರ್ಬಲಗೊಂಡು, ಉಸಿರಿನ ದಾರಿ ಪೂರ್ತಿ ತೆರೆದುಕೊಳ್ಳದಿರುವುದು ಅಪರೂಪವಲ್ಲವಾದ್ದರಿಂದ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಆದರೆ ಗಂಟಲಿನ ಗಡ್ಡೆ, ಹೃದ್ರೋಗಗಳನ್ನೂ ಪರೀಕ್ಷಿಸಬೇಕು (ಹಳ್ಳದ ನೀರು ಕುಡಿಯುವ ನಾಯಿಯಾದರೆ ಮೂಗಿನೊಳಗೆ ಜಿಗಣೆ ಸೇರಿದೆಯೇ ಎಂಬುದನ್ನೂ). ಹಗುರವಾಗಿ ಅರಿವಳಿಕೆ ಕೊಟ್ಟು ಗಂಟಲನ್ನು ನೋಡಿದರೆ ಮಾತ್ರ ಧ್ವನಿಪೆಟ್ಟಿಗೆಯ ತೊಂದರೆ ಖಚಿತವಾಗುವುದರಿಂದ, ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸುವುದು ಒಳ್ಳೆಯದು. ಅಲ್ಲಿಯವರೆಗೆ ಕೊರಳಪಟ್ಟಿ ತೆಗೆದು ಎದೆಗೆ ಕಟ್ಟುವ ಪಟ್ಟಿ ಹಾಕಿ, ತಂಪು ಹೊತ್ತಿನಲ್ಲಷ್ಟೇ ನಡೆಸಿ. ಮನುಷ್ಯರ ಕೆಮ್ಮಿನ ಸಿರಪ್ಪು ಖಂಡಿತ ಬೇಡ. ವಸಡು ನೀಲಿಗಟ್ಟಿದರೆ ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ ಹತ್ತಿರದ ಪಶುವೈದ್ಯರಲ್ಲಿಗೆ ಹೊರಡಿ.