ಉಡುಪಿ ಸುತ್ತ ಒಂದೇ ದಿನದಲ್ಲಿ ದುಡ್ಡಿಲ್ಲದೆ ನೋಡುವಂಥ ಜಾಗ ಎಷ್ಟು ಮುಗಿಸಬಹುದು? ಜೊತೆಗೆ ಅಪ್ಪ ಅಮ್ಮ ಇದ್ದಾರೆ.

ಮುಗಿಸಬೇಡಿ. 2017ರ ಏಪ್ರಿಲ್‌ನಲ್ಲಿ ನಾನೂ ಹೀಗೇ ಮುಗಿಸಲು ಹೊರಟಿದ್ದೆ.

ನಾವು ಹಾವೇರಿ ಕಡೆಯವರು. ಅವ್ವ ಅಲ್ಲಿಯವರೆಗೆ ಸಮುದ್ರ ಕಂಡವಳಲ್ಲ. ನನ್ನ ಚೀಟಿಯಲ್ಲಿ ಎಂಟು ಜಾಗ, ಎಲ್ಲವೂ ಪುಕ್ಕಟೆ: ಕೃಷ್ಣ ಮಠ, ಪಾಜಕ, ಕುಂಜಾರುಗಿರಿ, ಕಾಪು, ಮಟ್ಟು, ಪಡುಕೆರೆ, ಮಲ್ಪೆ, ಕೊನೆಗೆ ಮಣಿಪಾಲದ ಎಂಡ್ ಪಾಯಿಂಟ್. ಮೊದಲ ಮೂರು ಮುಗಿಸಿ ಕಾಪು ಕಡಲಿಗೆ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. 1901ರ ಆ ಲೈಟ್‌ಹೌಸ್ ಹತ್ತಲು ಬಿಡುವುದು ಸಂಜೆ ಹೊತ್ತು ಮಾತ್ರ, ಅದಕ್ಕೆ ಸಣ್ಣ ಟಿಕೆಟ್ಟೂ ಉಂಟು. ಎರಡೂ ನನಗೆ ಗೊತ್ತಿರಲಿಲ್ಲ. ಆದರೆ ಅದಲ್ಲ ತಪ್ಪು.

ತಪ್ಪು ಚಪ್ಪಲಿಯದು. ಉಸುಕು ತುಂಬುತ್ತದೆ ಅಂತ ಮೂವರ ಚಪ್ಪಲಿಯನ್ನೂ ನಾನೇ ಆಟೋದಲ್ಲಿ ಇಡಿಸಿದೆ. ಹೋಗುವಾಗ ಏನೂ ಅನಿಸಲಿಲ್ಲ, ನೀರು ಕಂಡ ಖುಷಿಗೆ ಅವ್ವ ಓಡಿಯೇ ಹೋದಳು. ಅಲೆ ಬಡಿಯುವಲ್ಲಿ ಮರಳು ತಂಪು. ಮೇಲಿಂದ ಕಡಲಿನ ಗಾಳಿ. ನೆಲ ಕಾದಷ್ಟೂ ಆ ಗಾಳಿ ಜೋರಾಗುತ್ತದೆ, ಬಿಸಿಲು ಎಷ್ಟಿದೆ ಅಂತ ಮೈಗೆ ತಿಳಿಯುವುದೇ ಇಲ್ಲ. ಮುಕ್ಕಾಲು ಗಂಟೆ ನೀರಲ್ಲಿ ನಿಂತೆವು. ಅಂಗಾಲು ಉಪ್ಪುನೀರಲ್ಲಿ ನೆನೆದು ಮಕ್ಕಳ ಕಾಲಿನಷ್ಟು ಮೆತ್ತಗಾಗಿತ್ತು. ತಿರುಗಿ ಬರುವಾಗ ಒಣ ಮರಳಿನ ಪಟ್ಟಿ ಎಷ್ಟಿದ್ದೀತು, ಐವತ್ತು ಅರವತ್ತು ಹೆಜ್ಜೆ. ನಡುವೆ ಅವ್ವ ನಿಂತುಬಿಟ್ಟಳು. ‘ಉಸುಕು ಸುಡಾಕತ್ತೈತೋ’ ಅಂದಳು. ಮುಂದೆ ಹೋಗಲಾಗದು, ಹಿಂದೆ ಬರಲಾಗದು. ಸೀರೆ ಸೆರಗನ್ನು ಕಾಲ ಕೆಳಗೆ ಹಾಕಿಕೊಂಡು ಅದರ ಮೇಲೆ ಒಂದೊಂದೇ ಕಾಲು ಬದಲಿಸುತ್ತಿದ್ದಳು. ನಾನು ಆಟೋಗೆ ಓಡಿ ಚಪ್ಪಲಿ ತರುವಷ್ಟರಲ್ಲಿ ಎರಡೂ ಅಂಗಾಲಿಗೆ ಬೊಕ್ಕೆ ಎದ್ದಿತ್ತು. ಅಪ್ಪ ನನ್ನ ಜೊತೆ ಮಾತಾಡಲಿಲ್ಲ, ಊರು ಮುಟ್ಟುವವರೆಗೂ.

ಆಮೇಲೆ ಡಾಕ್ಟರ್ ಫೀಸು, ಇನ್ನೊಂದು ರಾತ್ರಿಯ ರೂಮು, ವಾಪಸ್ಸಿಗೆ ಬಸ್ಸಿನ ಬದಲು ಕಾರು. ಪುಕ್ಕಟೆ ಪ್ರವಾಸಕ್ಕೆ ನಾನು ತೆತ್ತದ್ದು ಇಷ್ಟು. ಚಪ್ಪಲಿ ಕೈಯಲ್ಲಿ ಹಿಡಿದು ಹೋಗಿದ್ದರೂ ಸಾಕಿತ್ತು, ಹಾಕಿಕೊಳ್ಳುವುದೂ ಬೇಡ. ಇದನ್ನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ‘ಫ್ರೀ ಜಾಗ ಯಾವುದು’ ಅನ್ನುವ ಪ್ರಶ್ನೆಯೇ ಬೇಡ. ಇಲ್ಲಿ ಕಡಲಿಗೆ ಯಾರೂ ಬೇಲಿ ಹಾಕಿಲ್ಲ. ಯಾವ ಹೊತ್ತಿಗೆ ಎಲ್ಲಿರಬೇಕು ಅಂತ ಕೇಳಿ. ಈಗ ನಾನು ಉಡುಪಿಯಲ್ಲೇ ಕೆಲಸದಲ್ಲಿದ್ದೇನೆ, ನೆಂಟರು ಬಂದರೆ ಮೂರೇ ಜಾಗ ತೋರಿಸುವುದು. ಬೆಳಕು ಹರಿಯುವಾಗ ಮಲ್ಪೆ. ಪೇಟೆಯಿಂದ ಆರೇ ಕಿಲೋಮೀಟರು, ಸಿಟಿ ಬಸ್ಸಿದೆ. ಬಿಸಿಲೇರಿದ ಮೇಲೆ ಮಠ: ಕನಕನ ಕಿಂಡಿ, ರಥಬೀದಿ, ಮಧ್ಯಾಹ್ನ ಸಾಲಲ್ಲಿ ಕೂತು ಊಟ, ಅದಕ್ಕೂ ದುಡ್ಡಿಲ್ಲ. ಊಟವಾದ ಮೇಲೆ ರೂಮಿಗೆ ಹೋಗಿ ಮಲಗಿ, ಹೌದು, ಪ್ರವಾಸದಲ್ಲೂ. ನಾಲ್ಕರ ನಂತರ ಕಾಪು.

ಮಂಗಳೂರಿನಲ್ಲಿ ಉಳಿಯುವುದಾದರೆ ಮಧ್ಯಾಹ್ನಕ್ಕೆ ಅಲೋಶಿಯಸ್ ಚಾಪೆಲ್. ಗೋಡೆ, ಚಾವಣಿ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳು, ನೂರು ವರ್ಷಕ್ಕೂ ಹಳೆಯವು. ಕತ್ತು ನೋಯುವವರೆಗೆ ನೋಡಬಹುದು.

ಇನ್ನೊಂದು, ದೋಣಿಗೆ ಟಿಕೆಟ್ ಇದೆ ಅಂತ ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ ಬಿಡಬೇಡಿ. ಲಾವಾ ಆರುತ್ತಾ ಕುಗ್ಗಿ ಸೀಳಿ ಕಂಬಗಳಾಗಿ ನಿಂತ ಬಂಡೆ ಈ ಸೀಮೆಯಲ್ಲಿ ಬೇರೆಲ್ಲೂ ನೋಡಸಿಗದು. ಎರಡು ಪುಕ್ಕಟೆ ಜಾಗ ಬಿಟ್ಟಾದರೂ ಹೋಗಿ. ಆದರೆ ಬೆಳಗಿನ ಮೊದಲ ದೋಣಿಗೇ ಹೋಗಿ, ನೀರಿನ ಬಾಟಲಿ ಇರಲಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ನೀವು ಯಾವ ತಿಂಗಳು ಅಂತ ಬರೆದೇ ಇಲ್ಲವಲ್ಲ?